ಪೊಕೆಮಾನ್ ಗೋ: ಎವಾಲ್ವ್ ಒತ್ತುವ ಮೊದಲು ಹಾಕಬೇಕಾದ ಲೆಕ್ಕ

ಪೊಕೆಮಾನ್ ಎಂಬ ಜೀವಿಗಳನ್ನು ಹಿಡಿದು ಬೆಳೆಸುವ ಮೊಬೈಲ್ ಆಟ ಪೊಕೆಮಾನ್ ಗೋದಲ್ಲಿ ಎರಡು ಬಟನ್‌ಗಳನ್ನು ಒತ್ತಿದರೆ ಮತ್ತೆ ಹಿಂದಿನ ಸ್ಥಿತಿಗೆ ಬರಲು ದಾರಿಯಿಲ್ಲ: ಪೊಕೆಮಾನ್ ಅನ್ನು ಮುಂದಿನ ರೂಪಕ್ಕೆ ಒಯ್ಯುವ ಎವಾಲ್ವ್ (ವಿಕಾಸ) ಮತ್ತು ಅದರ ಮಟ್ಟ ಏರಿಸುವ ಪವರ್ ಅಪ್. ಖರ್ಚಾದ ಕ್ಯಾಂಡಿ ಹೋಯಿತು, ಸ್ಟಾರ್‌ಡಸ್ಟ್ ಹೋಯಿತು. ಕ್ಯಾಂಡಿಯಾದರೂ ಅದೇ ಜಾತಿಯದನ್ನು ಹಿಡಿದರೆ ಮತ್ತೆ ಕೂಡುತ್ತದೆ. ಸ್ಟಾರ್‌ಡಸ್ಟ್ ಹಾಗಲ್ಲ, ನಿಮ್ಮ ಬಳಿ ಇರುವ ಎಲ್ಲ ಪೊಕೆಮಾನ್‌ಗಳಿಗೂ ಅದೊಂದೇ ಖಜಾನೆ. ಒಂದಕ್ಕೆ ಸುರಿದದ್ದು ಇನ್ನೊಂದಕ್ಕೆ ಇಲ್ಲವಾಗುತ್ತದೆ.

ಹಾಗಾಗಿ ನಾನು ಹೊಸಬರಿಗೆ ಹೇಳುವ ಕ್ರಮ ಒಂದೇ. ಮೊದಲು ಈ ಪೊಕೆಮಾನ್ ಯಾವ ಕೆಲಸಕ್ಕೆ ಎಂದು ನಿರ್ಧರಿಸಿ. ಆಮೇಲೆ ಅದರ ಮಟ್ಟ ಮತ್ತು ಐವಿ (ಆ ಒಂದು ಪೊಕೆಮಾನ್‌ಗೆ ಮಾತ್ರ ಸೇರುವ ಅಂಕಗಳು) ನೋಡಿ. ನಂತರ ಸರಿಯಾದ ಸಮಯ ನೋಡಿಕೊಂಡು ವಿಕಾಸ ಮಾಡಿ. ಸ್ಟಾರ್‌ಡಸ್ಟ್‌ಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಬಹಳ ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ: ದೊಡ್ಡ ಸಿಪಿ (ಒಟ್ಟು ಬಲ ತೋರಿಸುವ ಅಂಕಿ) ಕಂಡ ಕೂಡಲೇ ಪವರ್ ಅಪ್ ಮಾಡುತ್ತಾ ಹೋಗುತ್ತಾರೆ, ತಿಂಗಳ ಬಳಿಕ ಒಳ್ಳೆಯ ಪೊಕೆಮಾನ್ ಸಿಕ್ಕಾಗ ಖಜಾನೆ ಬರಿದಾಗಿರುತ್ತದೆ. ಉದಾಹರಣೆಗೆ ಮಚಾಪ್ ಎಂಬ ಸಾಮಾನ್ಯ ಪೊಕೆಮಾನ್ ಅನ್ನೇ ಹಿಡಿದುಕೊಂಡು ಈ ಕ್ರಮವನ್ನು ವಿವರಿಸುತ್ತೇನೆ. ಅದು ಮಚೋಕ್ ಆಗಿ, ಮಚಾಂಪ್ ಆಗಿ ಬೆಳೆಯುತ್ತದೆ. ಹೊಸಬರು ಮೊದಲು ಕಟ್ಟಬೇಕಾದ ತಂಡಗಳಲ್ಲಿ ಅದೂ ಒಂದು.

ಹಂತ 1: ರೇಡ್‌ಗೋ, ಲೀಗ್‌ಗೋ?

ಆಟದಲ್ಲಿ ಪೊಕೆಮಾನ್‌ಗೆ ಮುಖ್ಯವಾಗಿ ಎರಡು ಬಗೆಯ ಕೆಲಸ. ಒಂದು ರೇಡ್: ಹಲವರು ಸೇರಿ ಒಂದು ಬಲಿಷ್ಠ ಬಾಸ್ ಅನ್ನು ಸಮಯದ ಮಿತಿಯೊಳಗೆ ಕೆಡವುವುದು. ಇಲ್ಲಿ ದಾಳಿಯೇ ಮುಖ್ಯ, ಸಿಪಿಗೆ ಮಿತಿಯಿಲ್ಲ. ಇನ್ನೊಂದು ಲೀಗ್: ಇನ್ನೊಬ್ಬ ಆಟಗಾರನ ವಿರುದ್ಧ ಮೂರು ಮೂರು ಪೊಕೆಮಾನ್‌ಗಳ ಕಾಳಗ. ಗ್ರೇಟ್ ಲೀಗ್‌ಗೆ 1500 ಸಿಪಿ ಮಿತಿ, ಅಲ್ಟ್ರಾ ಲೀಗ್‌ಗೆ 2500, ಮಾಸ್ಟರ್ ಲೀಗ್‌ಗೆ ಮಿತಿಯೇ ಇಲ್ಲ.

ಈ ಎರಡು ಕೆಲಸಗಳಿಗೆ ಬೇಕಾಗುವ ಗುಣಗಳು ಒಂದಕ್ಕೊಂದು ವಿರುದ್ಧ. ರೇಡ್‌ಗೆ ಆಯ್ದ ಮಚಾಂಪ್ ಗ್ರೇಟ್ ಲೀಗ್‌ಗೆ ಪ್ರವೇಶವೇ ಪಡೆಯುವುದಿಲ್ಲ. ಲೀಗ್‌ಗಾಗಿ 1500ರೊಳಗೆ ನಿಲ್ಲಿಸಿದ ಮಚಾಂಪ್ ರೇಡ್‌ನಲ್ಲಿ ಬೇಗ ನೆಲ ಕಚ್ಚುತ್ತದೆ. ಒಂದೇ ಪೊಕೆಮಾನ್‌ನಿಂದ ಎರಡೂ ಕೆಲಸ ಮಾಡಿಸುವ ಆಸೆ ಬಿಟ್ಟುಬಿಡಿ. ಎರಡನ್ನು ಬೇರೆ ಬೇರೆಯಾಗಿ ಬೆಳೆಸುವುದೇ ಅಗ್ಗ.

ನಿರ್ಧಾರ ಆದ ಮೇಲೆ ಆ ಪೊಕೆಮಾನ್‌ಗೆ ಟ್ಯಾಗ್ ಹಾಕಿ. ಆಟದಲ್ಲೇ ಈ ಸೌಲಭ್ಯವಿದೆ. ರೇಡ್‌ಗೆ ಒಂದು, ಗ್ರೇಟ್ ಲೀಗ್‌ಗೆ ಒಂದು, ವಿಶೇಷ ದಿನಕ್ಕಾಗಿ ಕಾಯುತ್ತಿರುವವುಗಳಿಗೆ ಒಂದು, ಇಷ್ಟು ಸಾಕು. ನೂರಾರು ಪೊಕೆಮಾನ್ ತುಂಬಿರುವ ಪೆಟ್ಟಿಗೆಯಲ್ಲಿ ಯಾವುದನ್ನು ಯಾಕೆ ಉಳಿಸಿಕೊಂಡೆ ಎಂಬುದು ಎರಡು ವಾರಕ್ಕೇ ಮರೆತುಹೋಗುತ್ತದೆ.

ಹಂತ 2: ಐವಿ ನೋಡಿ, ಆದರೆ ಮಟ್ಟವನ್ನು ಮೊದಲು ನೋಡಿ

ಪ್ರತಿಯೊಂದು ಪೊಕೆಮಾನ್‌ಗೂ ಜಾತಿಯಿಂದ ಬರುವ ಮೂಲ ಅಂಕಗಳಿವೆ. ಮಚಾಂಪ್‌ಗೆ ದಾಳಿ 234, ರಕ್ಷಣೆ 159, ದೇಹಬಲ 207. ಇದರ ಮೇಲೆ ಆ ಒಂದು ಪೊಕೆಮಾನ್‌ಗೆ ಮಾತ್ರ ಸೇರುವ ಅಂಕಗಳೇ ಐವಿ. ದಾಳಿ, ರಕ್ಷಣೆ, ದೇಹಬಲ ಮೂರಕ್ಕೂ 0ಯಿಂದ 15ರವರೆಗೆ ಏನು ಬೇಕಾದರೂ ಇರಬಹುದು. ವಿಕಾಸ ಮಾಡಿದರೂ ಐವಿ ಬದಲಾಗುವುದಿಲ್ಲ, ಮಟ್ಟವೂ ಬದಲಾಗುವುದಿಲ್ಲ. ಬದಲಾಗುವುದು ಜಾತಿಯ ಮೂಲ ಅಂಕ ಮಾತ್ರ.

ಐವಿ ನೋಡಲು ಪೊಕೆಮಾನ್‌ನ ಪುಟದಲ್ಲಿ ಅಪ್ರೇಸ್ ಆಯ್ಕೆ ಒತ್ತಿ. ಮೂರು ಅಡ್ಡ ಪಟ್ಟಿಗಳು ಕಾಣಿಸುತ್ತವೆ. ಪ್ರತಿ ಪಟ್ಟಿಯೂ ಮೂರು ಭಾಗಗಳಾಗಿ ಒಡೆದಿರುತ್ತದೆ, ಒಂದೊಂದು ಭಾಗಕ್ಕೆ 5 ಅಂಕ. ಎರಡು ಭಾಗ ತುಂಬಿ ಮೂರನೆಯದರಲ್ಲಿ ಸ್ವಲ್ಪ ಬಣ್ಣ ಕಂಡರೆ 11 ಅಥವಾ 12 ಎಂದು ಅರ್ಥ. ಪಟ್ಟಿ ಪೂರ್ತಿ ತುಂಬಿದರೆ ಅದರ ಬಣ್ಣವೇ ಕೆಂಪಾಗುತ್ತದೆ. ಮೂರೂ ಕೆಂಪಾಗಿದ್ದರೆ 45ಕ್ಕೆ 45, ಆಟಗಾರರು ಹಂಡೋ ಎಂದು ಕರೆಯುವ ಪೊಕೆಮಾನ್ ಅದು. ಹುಡುಕಾಟದಲ್ಲಿ 4* ಎಂದು ಹಾಕಿದರೆ ಇಂಥವು ಮಾತ್ರ ಕಾಣುತ್ತವೆ. 3* ಎಂದು ಹಾಕಿದರೆ 37ರಿಂದ 44 ಅಂಕದವು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ರೇಡ್‌ಗೆ ಐವಿಯ ವ್ಯತ್ಯಾಸ ಜನ ಅಂದುಕೊಂಡಷ್ಟು ದೊಡ್ಡದಲ್ಲ. ದಾಳಿ ಐವಿ 15 ಇರುವ ಮಚಾಂಪ್‌ನ ಒಟ್ಟು ದಾಳಿ 249, 10 ಇರುವುದರದು 244. ಶೇ 2ರಷ್ಟು ವ್ಯತ್ಯಾಸ. ಮಟ್ಟದ ವ್ಯತ್ಯಾಸ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆಟದ ನಕ್ಷೆಯಲ್ಲಿ ತಾನಾಗಿ ಕಾಣಿಸಿಕೊಳ್ಳುವ ಪೊಕೆಮಾನ್ ಸಾಮಾನ್ಯವಾಗಿ 30ನೇ ಮಟ್ಟದವರೆಗೆ ಇರುತ್ತದೆ. ಅದರ ಬಗೆಗೆ (ಟೈಪ್‌ಗೆ) ಅನುಕೂಲವಾದ ಹವಾಮಾನವಿದ್ದರೆ 35ರವರೆಗೆ ಹೋಗುತ್ತದೆ. ಮಚಾಪ್ ಕಾಳಗದ ಬಗೆಯದು, ಅದಕ್ಕೆ ಅನುಕೂಲ ಮೋಡ ಕವಿದ ವಾತಾವರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನ ಆಕಾಶವೇ ಮಚಾಪ್ ಬೇಟೆಗೆ ಹೇಳಿ ಮಾಡಿಸಿದ್ದು. ಮೋಡದ ದಿನ ಹಿಡಿದ 35ನೇ ಮಟ್ಟದ ಸಾಧಾರಣ ಐವಿಯ ಮಚಾಪ್, 20ನೇ ಮಟ್ಟದ ಹಂಡೋಗಿಂತ ಸುಮಾರು ಶೇ 20ರಷ್ಟು ಬಲವಾಗಿ ಹೊಡೆಯುತ್ತದೆ, ಅದೂ ಒಂದು ಚಿಟಿಕೆ ಸ್ಟಾರ್‌ಡಸ್ಟ್ ಖರ್ಚಿಲ್ಲದೆ. ಹೀಗಾಗಿ ಹಂಡೋ ಸಿಗುವವರೆಗೆ ತಂಡವನ್ನೇ ಕಟ್ಟದೆ ಕೂರುವುದು ಶುದ್ಧ ನಷ್ಟ.

ಮಟ್ಟವನ್ನು ಆಟ ನೇರವಾಗಿ ಅಂಕಿಯಲ್ಲಿ ತೋರಿಸುವುದಿಲ್ಲ. ಆದರೆ ಪವರ್ ಅಪ್ ಬಟನ್ ಪಕ್ಕದ ಸ್ಟಾರ್‌ಡಸ್ಟ್ ಬೆಲೆ ನೋಡಿದರೆ ತಿಳಿಯುತ್ತದೆ. ಸಾಮಾನ್ಯ ಪೊಕೆಮಾನ್‌ಗೆ 2500 ತೋರಿಸಿದರೆ 19ರಿಂದ 20.5ರ ಮಟ್ಟ, 5000 ತೋರಿಸಿದರೆ 29ರಿಂದ 30.5, 8000 ಎಂದರೆ 35ರಿಂದ 36.5.

ಲೀಗ್‌ಗೆ ಮಾತ್ರ ಲೆಕ್ಕ ಬೇರೆ

ಗ್ರೇಟ್ ಮತ್ತು ಅಲ್ಟ್ರಾ ಲೀಗ್‌ಗಳಲ್ಲಿ ಹಂಡೋ ಹೆಚ್ಚಿನ ಸಂದರ್ಭಗಳಲ್ಲಿ ಹಿಂದೆ ಬೀಳುತ್ತದೆ. ಇದು ಹೊಸಬರಿಗೆ ನಂಬಲು ಕಷ್ಟ, ಆದ್ದರಿಂದ ಕಾರಣವನ್ನೇ ಹೇಳುತ್ತೇನೆ. ಸಿಪಿ ಲೆಕ್ಕ ಹಾಕುವ ಸೂತ್ರದಲ್ಲಿ ದಾಳಿಯನ್ನು ಪೂರ್ತಿಯಾಗಿ ತೆಗೆದುಕೊಳ್ಳುತ್ತಾರೆ, ರಕ್ಷಣೆ ಮತ್ತು ದೇಹಬಲದ ವರ್ಗಮೂಲವನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅಂದರೆ ದಾಳಿ ಹೆಚ್ಚಿದಷ್ಟೂ ಸಿಪಿ ಬೇಗ ಏರಿ 1500ರ ಗೋಡೆಗೆ ತಾಗುತ್ತದೆ. ದಾಳಿ ಐವಿ ಕಡಿಮೆ ಇದ್ದು ಉಳಿದೆರಡು ಹೆಚ್ಚಿದ್ದರೆ ಅದೇ 1500ರೊಳಗೆ ಇನ್ನೂ ಒಂದೆರಡು ಮಟ್ಟ ಏರಿಸಲು ಜಾಗ ಸಿಗುತ್ತದೆ. ಒಟ್ಟು ಬಲ ಹೆಚ್ಚುತ್ತದೆ, ಹೊಡೆತ ತಡೆದುಕೊಳ್ಳುವ ಶಕ್ತಿಯೂ ಹೆಚ್ಚುತ್ತದೆ. 0, 15, 15 ಎಂಬ ಐವಿ ಕಂಡರೆ ಲೀಗ್ ಆಟಗಾರರ ಕಣ್ಣರಳುವುದು ಇದಕ್ಕೇ. ಅಪ್ರೇಸ್ ಮಾಡಿ ಮೊದಲ ಪಟ್ಟಿ ಖಾಲಿ, ಉಳಿದೆರಡು ಕೆಂಪು ಇದ್ದರೆ ಅದನ್ನು ದಯವಿಟ್ಟು ಪ್ರೊಫೆಸರ್‌ಗೆ ಕಳುಹಿಸಿ ಕಳೆದುಕೊಳ್ಳಬೇಡಿ.

ಈ ನಿಯಮಕ್ಕೆ ಅಪವಾದವೂ ಇದೆ. ಮೆಡಿಚ್ಯಾಮ್‌ನಂತಹವುಗಳ ಮೂಲ ಅಂಕವೇ ಕಡಿಮೆ. 40ನೇ ಮಟ್ಟಕ್ಕೆ ಏರಿಸಿದ ಹಂಡೋ ಮೆಡಿಚ್ಯಾಮ್‌ನ ಸಿಪಿ 1431, ಅಲ್ಲಿಗೂ 1500 ಮುಟ್ಟುವುದಿಲ್ಲ. 40ನೇ ಮಟ್ಟದಲ್ಲೇ ನಿಲ್ಲಿಸುವುದಾದರೆ ಇಂಥವುಗಳಿಗೆ ಐವಿ ಎಲ್ಲವೂ ಹೆಚ್ಚಿರುವುದೇ ಲೇಸು. 40ರಿಂದಾಚೆ ಏರಿಸಲು ಎಕ್ಸ್‌ಎಲ್ ಕ್ಯಾಂಡಿ ಬೇಕು. ಮಾಸ್ಟರ್ ಲೀಗ್‌ಗೆ ಮಿತಿಯಿಲ್ಲದ ಕಾರಣ ಅಲ್ಲಿ ಹಂಡೋಗೇ ಮೊದಲ ಸ್ಥಾನ.

ಹಂತ 3: ವಿಕಾಸಕ್ಕೆ ಮುಹೂರ್ತ

ವಿಕಾಸ ಮಾಡಿದಾಗ ಪೊಕೆಮಾನ್‌ನ ಮೂವ್‌ಗಳು (ಅದು ಬಳಸುವ ಹೊಡೆತಗಳು) ಹೊಸದಾಗಿ ನಿರ್ಧಾರವಾಗುತ್ತವೆ. ಸಾಮಾನ್ಯ ದಿನ ಏನು ಬರುತ್ತದೋ ಅದು ಅದೃಷ್ಟ. ಆದರೆ ತಿಂಗಳಿಗೊಮ್ಮೆ ನಡೆಯುವ ಕಮ್ಯುನಿಟಿ ಡೇ ದಿನ, ಆ ದಿನದ ಪೊಕೆಮಾನ್ ಅನ್ನು ನಿಗದಿತ ಅವಧಿಯೊಳಗೆ ವಿಕಾಸ ಮಾಡಿದರೆ ಒಂದು ವಿಶೇಷ ಮೂವ್ ಖಚಿತವಾಗಿ ಸಿಗುತ್ತದೆ. 2018ರ ಫೆಬ್ರುವರಿಯಲ್ಲಿ ಡ್ರಾಗೊನೈಟ್‌ಗೆ ಡ್ರಾಕೊ ಮೀಟಿಯರ್, ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೆಟಾಗ್ರಾಸ್‌ಗೆ ಮೀಟಿಯರ್ ಮ್ಯಾಶ್ ಹೀಗೆ ಬಂದವು. ಮೀಟಿಯರ್ ಮ್ಯಾಶ್ ಇಲ್ಲದ ಮೆಟಾಗ್ರಾಸ್ ಉಕ್ಕಿನ ಬಗೆಯ ದಾಳಿಗಾರನಾಗಿ ಅರ್ಧ ಬೆಲೆಯದು. ಅದನ್ನು ಆಮೇಲೆ ಪಡೆಯಲು ಎಲೀಟ್ ಚಾರ್ಜ್ಡ್ ಟಿಎಂ ಬೇಕು (ಟಿಎಂ ಎಂದರೆ ಮೂವ್ ಬದಲಿಸುವ ವಸ್ತು), ಅದು ಸುಲಭವಾಗಿ ಸಿಗುವ ವಸ್ತುವಲ್ಲ. ಡಿಸೆಂಬರ್‌ನಲ್ಲಿ ಆ ವರ್ಷದ ಕಮ್ಯುನಿಟಿ ಡೇಗಳ ಪೊಕೆಮಾನ್‌ಗಳು ಮತ್ತೊಮ್ಮೆ ಬರುವುದು ವಾಡಿಕೆ. ತಪ್ಪಿಸಿಕೊಂಡವರಿಗೆ ಅದು ಎರಡನೆಯ ಅವಕಾಶ.

ಆದ್ದರಿಂದ ನಿಯಮ ಹೀಗಿಡಿ: ಈ ಪೊಕೆಮಾನ್‌ನ ಅತ್ಯುತ್ತಮ ಮೂವ್ ಸಾಮಾನ್ಯ ದಿನವೂ ಸಿಗುತ್ತದೆಯೇ? ಸಿಗುವುದಾದರೆ ಈಗಲೇ ವಿಕಾಸ ಮಾಡಿ. ಇಲ್ಲವಾದರೆ ಕಾಯುವ ಟ್ಯಾಗ್ ಹಾಕಿ ಬದಿಗಿಡಿ. ಮಚಾಂಪ್‌ಗೆ ಕೌಂಟರ್ ಮತ್ತು ಡೈನಾಮಿಕ್ ಪಂಚ್ ಸಾಮಾನ್ಯ ಟಿಎಂಗಳಿಂದಲೇ ಬರುತ್ತವೆ, ಕಾಯಬೇಕಿಲ್ಲ.

ಲೀಗ್‌ಗಾಗಿ ವಿಕಾಸ ಮಾಡುವವರು ಇನ್ನೊಂದು ಲೆಕ್ಕ ಹಾಕಬೇಕು. ಮಚಾಪ್ ಮಚಾಂಪ್ ಆದಾಗ ಸಿಪಿ ಸುಮಾರು 2.4ರಿಂದ 2.6 ಪಟ್ಟು ಏರುತ್ತದೆ. ಮಚಾಪ್‌ನ ಸಿಪಿ 570ರೊಳಗಿದ್ದರೆ ಮಚಾಂಪ್ ಆದ ಮೇಲೂ 1500 ದಾಟುವುದಿಲ್ಲ. 640 ಮೀರಿದ್ದರೆ ಖಂಡಿತ ದಾಟುತ್ತದೆ. ಸಿಪಿಯನ್ನು ಇಳಿಸುವ ಉಪಾಯ ಆಟದಲ್ಲಿಲ್ಲ. ಹಾಗಾಗಿ ಲೀಗ್‌ಗೆ ಯಾವಾಗಲೂ ಮೊದಲು ವಿಕಾಸ, ಆಮೇಲೆ 1500ರ ಅಂಚಿನವರೆಗೆ ಒಂದೊಂದೇ ಹೆಜ್ಜೆ ಪವರ್ ಅಪ್.

ಕ್ಯಾಂಡಿ ಉಳಿಸುವ ದಾರಿಯೂ ಇದೆ. ಮಚಾಪ್‌ನಿಂದ ಮಚೋಕ್‌ಗೆ 25 ಕ್ಯಾಂಡಿ, ಮಚೋಕ್‌ನಿಂದ ಮಚಾಂಪ್‌ಗೆ 100. ಆದರೆ ಮಚೋಕ್ ಅನ್ನು ಗೆಳೆಯರೊಬ್ಬರೊಂದಿಗೆ ಟ್ರೇಡ್ ಮಾಡಿದರೆ ಆ 100 ಕ್ಯಾಂಡಿ ಬೇಕಾಗುವುದೇ ಇಲ್ಲ. ಹಾಂಟರ್, ಕಡಾಬ್ರಾ, ಗ್ರಾವೆಲರ್, ಗುರ್ಡರ್‌ಗಳಿಗೂ ಹೀಗೇ. ಒಂದು ಎಚ್ಚರಿಕೆ: ಟ್ರೇಡ್ ಆದಾಗ ಐವಿ ಹೊಸದಾಗಿ ಬೀಳುತ್ತದೆ, ಮತ್ತು ಒಂದು ಪೊಕೆಮಾನ್ ಅನ್ನು ಒಮ್ಮೆ ಮಾತ್ರ ಟ್ರೇಡ್ ಮಾಡಬಹುದು. ಒಳ್ಳೆಯ ಐವಿ ಇರುವುದನ್ನು ಕೈಯಲ್ಲೇ ಇಟ್ಟುಕೊಂಡು ಸಾಧಾರಣವಾದವನ್ನು ಟ್ರೇಡ್‌ಗೆ ಬಿಡಿ.

ಈವೀ ಇದ್ದವರಿಗೆ ಒಂದು ಮಾತು. 25 ಕ್ಯಾಂಡಿಗೆ ಅದು ಹಲವು ರೂಪಗಳಲ್ಲಿ ಯಾವುದಾದರೂ ಆಗಬಹುದು. ಗ್ರೇಟ್ ಲೀಗ್‌ನಲ್ಲಿ ಬಹಳ ಕೆಲಸಕ್ಕೆ ಬರುವ ಅಂಬ್ರಿಯಾನ್ ಬೇಕಿದ್ದರೆ ಈವೀಯನ್ನು ಬಡ್ಡಿ (ಜೊತೆಗೆ ನಡೆಯುವ ಸಂಗಾತಿ) ಮಾಡಿಕೊಂಡು 10 ಕಿಲೋಮೀಟರ್ ನಡೆಯಿರಿ, ಬಡ್ಡಿಯಾಗಿರುವಾಗಲೇ ರಾತ್ರಿ ಹೊತ್ತು ವಿಕಾಸ ಮಾಡಿ. ಹಗಲಲ್ಲಿ ಮಾಡಿದರೆ ಎಸ್ಪಿಯಾನ್ ಬರುತ್ತದೆ. ಎವಾಲ್ವ್ ಬಟನ್ ಮೇಲೆ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಇನ್ನೂ ಷರತ್ತು ಪೂರ್ತಿಯಾಗಿಲ್ಲ ಎಂದರ್ಥ. ಬೇಕಾದ ರೂಪದ ನೆರಳು ಕಾಣಿಸಿದ ಮೇಲೆಯೇ ಒತ್ತಿ.

ಹಂತ 4: ಪವರ್ ಅಪ್ ಎಲ್ಲಿಗೆ ನಿಲ್ಲಿಸಬೇಕು?

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವ ಸಮಯವಿದ್ದರೆ ಇದನ್ನು ಓದಿ. 1ನೇ ಮಟ್ಟದಿಂದ 40ಕ್ಕೆ ಒಂದು ಪೊಕೆಮಾನ್ ಏರಿಸಲು ಒಟ್ಟು 2,70,000 ಸ್ಟಾರ್‌ಡಸ್ಟ್ ಮತ್ತು 304 ಕ್ಯಾಂಡಿ ಬೇಕು. ಆದರೆ ಈ ಖರ್ಚು ಸಮನಾಗಿ ಹಂಚಿಹೋಗಿಲ್ಲ.

20ರಿಂದ 30ನೇ ಮಟ್ಟಕ್ಕೆ: 75,000 ಸ್ಟಾರ್‌ಡಸ್ಟ್, 66 ಕ್ಯಾಂಡಿ. ಪ್ರತಿ ಅಂಕವೂ ಸುಮಾರು ಶೇ 22ರಷ್ಟು ಏರುತ್ತದೆ.

30ರಿಂದ 40ಕ್ಕೆ: 1,50,000 ಸ್ಟಾರ್‌ಡಸ್ಟ್, 182 ಕ್ಯಾಂಡಿ. ಏರಿಕೆ ಶೇ 8.

40ರಿಂದ 50ಕ್ಕೆ: 2,50,000 ಸ್ಟಾರ್‌ಡಸ್ಟ್, 296 ಎಕ್ಸ್‌ಎಲ್ ಕ್ಯಾಂಡಿ. ಏರಿಕೆ ಶೇ 6ಕ್ಕಿಂತ ತುಸು ಹೆಚ್ಚು.

ಎರಡನೆಯ ಸಾಲನ್ನು ಮತ್ತೊಮ್ಮೆ ನೋಡಿ. ಒಂದು ಮಚಾಂಪ್ ಅನ್ನು 30ರಿಂದ 40ಕ್ಕೆ ಒಯ್ಯುವ ಸ್ಟಾರ್‌ಡಸ್ಟ್‌ನಲ್ಲಿ ಇನ್ನೆರಡು ಮಚಾಂಪ್‌ಗಳನ್ನು 20ರಿಂದ 30ಕ್ಕೆ ಒಯ್ಯಬಹುದು. ರೇಡ್‌ನಲ್ಲಿ ಆರು ಪೊಕೆಮಾನ್‌ಗಳ ತಂಡ ಇರುತ್ತದೆ, ಒಂದು ಬಿದ್ದರೆ ಮುಂದಿನದು ಬರುತ್ತದೆ. ಒಬ್ಬ ಮಹಾಬಲಶಾಲಿಯ ಹಿಂದೆ ಐವರು ಬಡಕಲರು ನಿಂತ ತಂಡಕ್ಕಿಂತ, ಆರೂ ಮಂದಿ 30ನೇ ಮಟ್ಟದಲ್ಲಿರುವ ತಂಡವೇ ಬಾಸ್‌ಗೆ ಹೆಚ್ಚು ಹಾನಿ ಮಾಡುತ್ತದೆ. ಆದ್ದರಿಂದ ಮೊದಲ ಆರು ತಿಂಗಳು 30ನೇ ಮಟ್ಟವನ್ನೇ ನಿಮ್ಮ ಗಡಿಯಾಗಿ ಇಟ್ಟುಕೊಳ್ಳಿ. ಒಂದು ಬಗೆಯ ತಂಡ ಮುಗಿದ ಮೇಲೆ ಇನ್ನೊಂದು ಬಗೆಗೆ ಹೋಗಿ. ಕಾಳಗ, ಕಲ್ಲು, ವಿದ್ಯುತ್, ಮಂಜು, ಭೂತ ಹೀಗೆ ಹಲವು ಬಗೆಗಳಲ್ಲಿ ಕೈಯಾಡಿಸಲು ಆಳುಗಳಿದ್ದರೆ ಯಾವ ರೇಡ್ ಬಂದರೂ ಹೆದರಬೇಕಿಲ್ಲ.

ಬಗೆ ಯಾಕೆ ಇಷ್ಟು ಮುಖ್ಯ ಎಂದರೆ, ಎದುರಾಳಿಯ ದುರ್ಬಲ ಬಗೆಗೆ ಹೊಡೆದಾಗ ಹಾನಿ 1.6 ಪಟ್ಟಾಗುತ್ತದೆ. ಟೈರಾನಿಟಾರ್ ಕಲ್ಲು ಮತ್ತು ಕತ್ತಲು ಎರಡೂ ಬಗೆಗೆ ಸೇರಿದ್ದು, ಎರಡಕ್ಕೂ ಕಾಳಗದ ಹೊಡೆತ ಮಾರಕ. ಅದರ ಮೇಲೆ ಮಚಾಂಪ್‌ನ ಹೊಡೆತ 2.56 ಪಟ್ಟು ಬೀಳುತ್ತದೆ. ತನ್ನದೇ ಬಗೆಯ ಮೂವ್ ಬಳಸಿದ್ದಕ್ಕೆ ಇನ್ನೂ 1.2 ಪಟ್ಟು. ಹತ್ತು ಮಟ್ಟ ಏರಿಸಿ ಪಡೆಯುವ ಶೇ 8 ಇದರ ಮುಂದೆ ಎಷ್ಟು ಸಣ್ಣದು ಎಂದು ನೀವೇ ಅಂದಾಜಿಸಿ.

ಲಕ್ಕಿ ಪೊಕೆಮಾನ್‌ಗಳು ಈ ಲೆಕ್ಕವನ್ನು ಬದಲಿಸುತ್ತವೆ. ಟ್ರೇಡ್‌ನಲ್ಲಿ ಕೆಲವೊಮ್ಮೆ ಪೊಕೆಮಾನ್ ಲಕ್ಕಿ ಆಗಿ ಬರುತ್ತದೆ. ಅದರ ಮೂರೂ ಐವಿ ಕನಿಷ್ಠ 12 ಇರುತ್ತದೆ, ಪವರ್ ಅಪ್‌ಗೆ ಸ್ಟಾರ್‌ಡಸ್ಟ್ ಅರ್ಧ ಸಾಕು. ಅಂದರೆ 40ಕ್ಕೆ ಏರಿಸುವ ಯೋಚನೆ ಇದ್ದರೆ ಅದನ್ನು ಲಕ್ಕಿಯ ಮೇಲೆ ಖರ್ಚು ಮಾಡಿ. ಹಳೆಯ ಪೊಕೆಮಾನ್‌ಗಳಿಗೆ ಲಕ್ಕಿ ಆಗುವ ಸಾಧ್ಯತೆ ಹೆಚ್ಚು. 2016ರ ಡಿಸೆಂಬರ್‌ನಲ್ಲಿ ಜಿಯೊ ಜೊತೆಗೂಡಿ ಆಟ ಭಾರತಕ್ಕೆ ಬಂದಾಗ ಹಿಡಿದು, ಇಂದಿಗೂ ಪೆಟ್ಟಿಗೆಯ ತಳದಲ್ಲಿ ಬಿದ್ದಿರುವ ಪೊಕೆಮಾನ್‌ಗಳಿದ್ದರೆ ಅವೇ ಟ್ರೇಡ್‌ಗೆ ಚಿನ್ನ.

ಶ್ಯಾಡೋ ಪೊಕೆಮಾನ್: ಶುದ್ಧ ಮಾಡಬೇಕೋ, ಬೇಡವೋ?

ಆಟದ ಖಳರ ಗುಂಪಾದ ಟೀಮ್ ರಾಕೆಟ್‌ನವರನ್ನು ಸೋಲಿಸಿದಾಗ ಸಿಗುವ ಶ್ಯಾಡೋ ಪೊಕೆಮಾನ್‌ನ ದಾಳಿ ಶೇ 20 ಹೆಚ್ಚು, ರಕ್ಷಣೆ ಸುಮಾರು ಶೇ 17 ಕಡಿಮೆ. ಪವರ್ ಅಪ್ ಖರ್ಚೂ ಶೇ 20 ಹೆಚ್ಚು. ಶುದ್ಧ ಮಾಡಿದರೆ ಮೂರೂ ಐವಿಗೆ ಎರಡೆರಡು ಅಂಕ ಸೇರುತ್ತದೆ, ಖರ್ಚು ಶೇ 10 ಕಡಿಮೆಯಾಗುತ್ತದೆ, ಆದರೆ ಆ ಹೆಚ್ಚುವರಿ ದಾಳಿ ಶಾಶ್ವತವಾಗಿ ಹೋಗುತ್ತದೆ.

ರೇಡ್‌ಗಾದರೆ ನನ್ನ ಉತ್ತರ ಸ್ಪಷ್ಟ: ಶುದ್ಧ ಮಾಡಬೇಡಿ. ದಾಳಿ ಐವಿ ಸೊನ್ನೆ ಇರುವ ಶ್ಯಾಡೋ ಮಚಾಂಪ್ ಕೂಡ ಅದೇ ಮಟ್ಟದ ಹಂಡೋ ಮಚಾಂಪ್‌ಗಿಂತ ಜೋರಾಗಿ ಹೊಡೆಯುತ್ತದೆ. 234ರ ಮೇಲೆ ಶೇ 20 ಸೇರಿಸಿದರೆ 280 ದಾಟುತ್ತದೆ, ಹಂಡೋ ಬರೀ 249. ಶ್ಯಾಡೋ ಜೊತೆ ಬರುವ ಫ್ರಸ್ಟ್ರೇಶನ್ ಎಂಬ ನಿಷ್ಪ್ರಯೋಜಕ ಮೂವ್ ಅನ್ನು ಎಲ್ಲ ದಿನವೂ ತೆಗೆಯಲಾಗದು. ಟೀಮ್ ರಾಕೆಟ್‌ನ ಕೆಲವು ವಿಶೇಷ ಕಾರ್ಯಕ್ರಮಗಳಲ್ಲಿ ಮಾತ್ರ ಚಾರ್ಜ್ಡ್ ಟಿಎಂ ಬಳಸಿ ಅದನ್ನು ಅಳಿಸಬಹುದು. ಅಂಥ ಕಾರ್ಯಕ್ರಮ ಘೋಷಣೆಯಾದರೆ ಬೇರೆಲ್ಲ ಬಿಟ್ಟು ಮೊದಲು ಶ್ಯಾಡೋಗಳ ಪಟ್ಟಿ ತೆರೆಯಿರಿ.

ಎರಡನೆಯ ಮೂವ್ ಮತ್ತು ಮೆಗಾ

ರೇಡ್‌ಗೆ ಎರಡನೆಯ ಚಾರ್ಜ್ಡ್ ಮೂವ್ (ಶಕ್ತಿ ಕೂಡಿಸಿಕೊಂಡು ಹೊಡೆಯುವ ದೊಡ್ಡ ಹೊಡೆತ) ಸಾಮಾನ್ಯವಾಗಿ ಅನಗತ್ಯ. ಲೀಗ್‌ಗೆ ಹೆಚ್ಚುಕಡಿಮೆ ಕಡ್ಡಾಯ. ಅದರ ಬೆಲೆ ಜಾತಿಯ ಮೇಲೆ ಹೋಗುತ್ತದೆ: ಬಡ್ಡಿಯಾಗಿ 1 ಕಿಲೋಮೀಟರ್‌ಗೆ ಕ್ಯಾಂಡಿ ಕೊಡುವವುಗಳಿಗೆ 10,000 ಸ್ಟಾರ್‌ಡಸ್ಟ್, 3 ಕಿಲೋಮೀಟರ್‌ನವಕ್ಕೆ 50,000, 5ರವಕ್ಕೆ 75,000, 20ರವಕ್ಕೆ 1,00,000. ಹೀಗಾಗಿ ಮೊದಲ ಲೀಗ್ ತಂಡವನ್ನು ಅಗ್ಗದ ಜಾತಿಗಳಿಂದಲೇ ಕಟ್ಟಿ.

ಮೆಗಾ ವಿಕಾಸ ತಾತ್ಕಾಲಿಕ, 8 ಗಂಟೆಯ ಬಳಿಕ ಪೊಕೆಮಾನ್ ಮೊದಲಿನ ರೂಪಕ್ಕೆ ಮರಳುತ್ತದೆ. ಮೊದಲ ಸಲಕ್ಕೆ ಮೆಗಾ ಎನರ್ಜಿ ಬೇಕು. ಪಿಜಿಯಟ್ ಮತ್ತು ಬೀಡ್ರಿಲ್‌ಗೆ 100 ಸಾಕು, ಚಾರಿಜಾರ್ಡ್‌ಗೆ 200. ಆಮೇಲೆ ವಿಶ್ರಾಂತಿಯ ದಿನಗಳು ಮುಗಿದರೆ ಎನರ್ಜಿ ಇಲ್ಲದೆಯೇ ಮತ್ತೆ ಮೆಗಾ ಮಾಡಬಹುದು. ಇದರ ನಿಜವಾದ ಲಾಭ ಕಾಳಗಕ್ಕಿಂತ ಕ್ಯಾಂಡಿಯಲ್ಲಿದೆ: ಮೆಗಾ ಚಾಲ್ತಿಯಲ್ಲಿರುವಾಗ ಅದೇ ಬಗೆಯ ಪೊಕೆಮಾನ್ ಹಿಡಿದರೆ ಹೆಚ್ಚುವರಿ ಕ್ಯಾಂಡಿ ಬರುತ್ತದೆ. ಕಮ್ಯುನಿಟಿ ಡೇ ಮಧ್ಯಾಹ್ನ ಕಬ್ಬನ್ ಉದ್ಯಾನಕ್ಕೆ ಹೊರಡುವ ಮೊದಲೇ ಆ ದಿನದ ಬಗೆಗೆ ಹೊಂದುವ ಮೆಗಾ ಒಂದನ್ನು ಸಿದ್ಧವಾಗಿಡಿ.

ಸ್ಟಾರ್‌ಡಸ್ಟ್ ಕೂಡಿಸುವ ಬಗೆ

ಮೊದಲ ರೂಪದ ಪೊಕೆಮಾನ್ ಹಿಡಿದರೆ ಸಾಮಾನ್ಯವಾಗಿ 100 ಸ್ಟಾರ್‌ಡಸ್ಟ್, ಎರಡನೆಯ ರೂಪಕ್ಕೆ 300, ಮೂರನೆಯದಕ್ಕೆ 500. ಹವಾಮಾನ ಅನುಕೂಲವಿದ್ದರೆ ಇನ್ನೂ ಶೇ 25. ಆದರೆ ಕೆಲವು ಜಾತಿಗಳು ಮಾಮೂಲಿಗಿಂತ ಎಷ್ಟೋ ಹೆಚ್ಚು ಕೊಡುತ್ತವೆ: ಪ್ಯಾರಸ್ ಮತ್ತು ಫೂಂಗಸ್ 500, ಟ್ರಬ್ಬಿಶ್ 750, ಚೈಮೆಕೊ 1000, ಆಡಿನೊ 2100. ಇವು ಕಂಡರೆ ಎಷ್ಟೇ ಅವಸರವಿದ್ದರೂ ಬಿಡಬೇಡಿ. ಪ್ಯಾರಸ್ ಕೀಟ ಮತ್ತು ಹುಲ್ಲಿನ ಬಗೆಯದು. ಮಳೆಯಲ್ಲಿ ಕೀಟಕ್ಕೆ ಅನುಕೂಲ, ಬಿಸಿಲಿನಲ್ಲಿ ಹುಲ್ಲಿಗೆ. ಮಂಗಳೂರಿನ ಜುಲೈ ಮಳೆಯಲ್ಲೂ ಕಲಬುರಗಿಯ ಬಿಸಿಲಿನಲ್ಲೂ ಅದು 625 ಕೊಡುತ್ತದೆ. ಅರ್ಧ ಗಂಟೆ ಕಾಲ ಸ್ಟಾರ್‌ಡಸ್ಟ್ ಹೆಚ್ಚಿಸುವ ಸ್ಟಾರ್ ಪೀಸ್ ಹಾಕಿದ್ದರೆ ಅದು 900 ದಾಟುತ್ತದೆ. ಸ್ಟಾರ್ ಪೀಸ್ ಅನ್ನು ದಾರಿಯಲ್ಲಿ ಸುಮ್ಮನೆ ಹಾಕಬೇಡಿ, ಪೊಕೆಮಾನ್‌ಗಳು ಗುಂಪಾಗಿ ಸಿಗುವ ಕಾರ್ಯಕ್ರಮದ ಹೊತ್ತಿಗೆ ಉಳಿಸಿಕೊಳ್ಳಿ.

ಖಜಾನೆಯಲ್ಲಿ ಕನಿಷ್ಠ 1,50,000 ಸ್ಟಾರ್‌ಡಸ್ಟ್ ಯಾವಾಗಲೂ ಇರಲಿ. 20ನೇ ಮಟ್ಟದಲ್ಲಿ ರೇಡ್‌ನಿಂದ ಬಂದ ಎರಡು ಒಳ್ಳೆಯ ಪೊಕೆಮಾನ್‌ಗಳನ್ನು ಅಂದೇ 30ಕ್ಕೆ ಏರಿಸಲು ಬೇಕಾಗುವ ಮೊತ್ತ ಅದು. ಅದಕ್ಕಿಂತ ಕೆಳಗಿಳಿದಿದ್ದರೆ ಪವರ್ ಅಪ್ ನಿಲ್ಲಿಸಿ, ಒಂದೆರಡು ವಾರ ಬರೀ ಹಿಡಿಯುತ್ತಾ ಹೋಗಿ.